ಹೊಗಳಿಸಿಕೊಂಡ ಅಧ್ಯಾಯ

ಬೀದರ್

ತಂಗಿ,

ನಿನ್ನ ಕಾದಂಬರಿಯ ಕಟ್ಟು ಬಂದು ತಿಂಗಳಾಯ್ತು. ಮುನ್ನೂರು ಪುಟ, ಅದೂ ಕೈಬರಹ. ನಡುವೆ ಕನ್ನಡಕ ಬದಲಿಸಬೇಕಾಯ್ತು, ಅದಕ್ಕೇ ತಡ. ಕಾಗದದ ತುಂಬ ಸರ್, ಸರ್ ಅಂತ ಬರೆದಿದ್ದೀ. ಕಾಕಾ ಅಂದರೆ ಸಾಕು.

"ಯಾದಗಿರಿಯವಳಿಗೆ ಕಡಲಿನ ಕಥೆ ಯಾಕಮ್ಮ, ಬಿಸಿಲಿನ ಬಗ್ಗೆ ಬರಿ" ಅಂತ ಯಾರೋ ಪ್ರಕಾಶಕರು ವಾಪಸ್ ಕೊಟ್ಟರಂತೆ. ನೀನು ಬರೆಯೋದನ್ನೇ ಬಿಡ್ತೀನಿ ಅಂತಿದ್ದೀ. ಹುಚ್ಚಿ. ಕಡಲು ನಮ್ಮ ಕಡೆ ಬಂದು ಐನೂರು ವರ್ಷ ದಾಟಿದೆ. ಮುಂದೆ ಬಹಮನಿಗಳ ಮಂತ್ರಿಯಾದ ಮಹಮೂದ್ ಗವಾನ್ ಕೊಂಕಣದ ದಾಭೋಳದಲ್ಲಿ ಹಡಗಿನಿಂದಿಳಿದು ಬೀದರಿಗೆ ಬಂದವನು. 1470ರ ಆಸುಪಾಸಿನಲ್ಲಿ ರಷ್ಯಾದ ವ್ಯಾಪಾರಿ ನಿಕಿತಿನ್ ಹೊರ್ಮುಜ್‌ನಿಂದ ಒಂದು ಕುದುರೆಯನ್ನು ಹಡಗಿನಲ್ಲಿ ತಂದ. ಚೌಲ್‌ನಲ್ಲಿ ಇಳಿಸಿದ. ಜುನ್ನರದ ಖಾನ ಅದನ್ನು ಕಸಿದುಕೊಂಡ. ಹೇಗೋ ಬಿಡಿಸಿಕೊಂಡು ಬಂದು ಬೀದರಿನಲ್ಲಿ ಮಾರಿದ. ಗವಾನನ ಮದರಸಾದ ಹತ್ತಿರ ಚಹಾ ಕುಡಿಯುವಾಗೆಲ್ಲ ನನಗೆ ಆ ಕುದುರೆಯ ನೆನಪಾಗುತ್ತದೆ. ಅಷ್ಟು ದಿನ ನಿಂತೇ ಬಂದಿತ್ತೋ ಏನೋ, ಪಾಪ.

ಸಣ್ಣಪುಟ್ಟ ತಪ್ಪುಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. 1472ರಲ್ಲಿ, ಗವಾನ್ ಗೋವಾ ಹಿಡಿದ ವರ್ಷ, ನಿನ್ನ ನಾಯಕಿ ಮೀನಿನ ಸಾರಿಗೆ ಒಣಮೆಣಸಿನಕಾಯಿ ಅರೆಯುತ್ತಾಳೆ. ಅದನ್ನು ತಂದ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದದ್ದೇ 1498ರಲ್ಲಿ. ಕಾಳುಮೆಣಸು ಹಾಕಿಸು, ಮುಗೀತು.

ನನ್ನ ಜಗಳ ಹನ್ನೊಂದನೇ ಅಧ್ಯಾಯದ ಜೊತೆ. ಆಷಾಢದ ರಾತ್ರಿ, ಬಿರುಗಾಳಿ, ದೋಣಿ ನಡೆಸುವ ಭಟ್ಕಳದ ತಾಂಡೇಲ ಮನೆಮಂದಿಯನ್ನು ಬಿಟ್ಟು ಅವಳಿಗಾಗಿ ಒಬ್ಬನೇ ದೋಣಿ ಹತ್ತುತ್ತಾನೆ. ಓದಿದವರೆಲ್ಲ ಅತ್ತರು, ಕಾಲೇಜಿನ ಮೇಡಂ ತರಗತಿಯಲ್ಲಿ ಓದಿಸಿದರು ಅಂತ ಬರೆದಿದ್ದೀ. ಇಡೀ ಕಾದಂಬರಿಯಲ್ಲಿ ಸುಳ್ಳು ಅಂತಿದ್ದರೆ ಅದೊಂದೇ. ಆ ಮಳೆಯಲ್ಲಿ ದೋಣಿಗಳು ದಡದ ಮೇಲಿರುತ್ತವೆ. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆ ಇಳಿಸೋದು. ಹುಟ್ಟಿದಾಗಿನಿಂದ ಕಡಲು ಕಂಡವನು ಹಾಗೆ ಹೊರಡೋದಿಲ್ಲ. ಸಿನಿಮಾದವನು ಹೊರಡ್ತಾನೆ.

ಅದರ ಹಿಂದಿನ ಅಧ್ಯಾಯದಲ್ಲಿ ಏನು ಬರೆದಿದ್ದೀ, ನೆನಪಿದೆಯಾ? ತಾಯಿ ಅಕ್ಕಿ ಮಡಕೆಯ ತಳ ಕೆರೆಯುತ್ತಾಳೆ. ಆ ಸದ್ದಿಗೆ ಹಗ್ಗ ಹೊಸೆಯುತ್ತಿದ್ದ ಅವನ ಕೈ ನಿಲ್ಲುತ್ತದೆ. ಅದನ್ನು ಯಾರೂ ಹೊಗಳಲಿಲ್ಲ ಅಲ್ವಾ? ನಾನು ಅಲ್ಲಿ ಪುಟ ಮಡಚಿಟ್ಟೆ. ಎಲ್ಲಿಗೂ ಹೋಗಲಾಗದೆ ಕೂತ ಆ ಎರಡು ತಿಂಗಳಲ್ಲೇ ಅವನ ಪ್ರೀತಿಯೂ ಇದೆ, ಮನೆಯ ಹೊಣೆಯೂ ಇದೆ. ನೀನು ಚಪ್ಪಾಳೆ ಕೇಳಿ ಅವನನ್ನು ದೋಣಿ ಹತ್ತಿಸಿಬಿಟ್ಟೆ.

ನನಗೆ ಹೇಗೆ ಗೊತ್ತು ಅಂದರೆ, ನಾನೂ ಅದನ್ನೇ ಮಾಡಿದವನು. ನನ್ನ ಮೊದಲ ಕಾದಂಬರಿಯಲ್ಲಿ ಒಬ್ಬ ಬಿದ್ರಿ ಕೆಲಸದವನು ಹೂಜಿಯ ಗೀರುಗಳಿಗೆ ಕರಗಿದ ಬೆಳ್ಳಿ ಹೊಯ್ಯುತ್ತಾನೆ, ಬೆಳದಿಂಗಳು ಹರಿದ ಹಾಗೆ. ಒಬ್ಬ ದೊಡ್ಡ ವಿಮರ್ಶಕರು ಆ ಸಾಲನ್ನು ಸಭೆಯಲ್ಲಿ ಎರಡು ಸಲ ಓದಿದರು. ಉಬ್ಬಿಹೋದೆ. ಬಿದ್ರಿಯವರ ಓಣಿ ನಮ್ಮ ಮನೆಯಿಂದ ಹತ್ತು ನಿಮಿಷದ ಹಾದಿ, ಹೋಗಿರಲಿಲ್ಲ. ಮುಂದೊಂದು ದಿನ ಹೂದಾನಿ ಕೊಳ್ಳಲು ಹೋದರೆ, ಒಬ್ಬ ಮುದುಕ ಬೆಳ್ಳಿಯ ತಂತಿಯನ್ನು ಗೀರಿನಲ್ಲಿಟ್ಟು ಸುತ್ತಿಗೆಯಿಂದ ಟಕ್ ಟಕ್ ಅಂತ ಕೂರಿಸುತ್ತಿದ್ದ. "ಕರಗಿಸೋದಿಲ್ವಾ?" ಅಂದೆ. ಸುತ್ತಿಗೆ ನಿಲ್ಲಿಸಿ ನನ್ನ ಮುಖ ನೋಡಿದ. ಆಮೇಲೆ ಕೋಟೆಯ ಮಣ್ಣು ಒಂದು ಚಿಟಿಕೆ ನಾಲಿಗೆಗಿಟ್ಟು ರುಚಿ ನೋಡಿದ. ಸುತ್ತಲಿನ ಲೋಹವನ್ನು ಕಪ್ಪು ಮಾಡೋದು ಆ ಮಣ್ಣು. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ನನ್ನ ಪುಸ್ತಕದಲ್ಲಿ ಮಣ್ಣೂ ಇಲ್ಲ, ನಾಲಿಗೆಯೂ ಇಲ್ಲ.

ಎರಡನೇ ಮುದ್ರಣ ಬಂತು. ಆ ಸಾಲು ತೆಗೆಯಲಿಲ್ಲ. ಮೆಚ್ಚಿದ್ದಾರಲ್ಲ, ಇರಲಿ ಅಂತ. ವಿಮರ್ಶಕರ ಮೇಲೆ ಇವತ್ತಿಗೂ ಸಿಟ್ಟಿದೆ. ಅವರದೇನು ತಪ್ಪು ಅಂತ ನನ್ನ ಹೆಂಡತಿ ಕೇಳ್ತಾಳೆ. ಉತ್ತರ ಇಲ್ಲ.

ಬರುವ ಆಷಾಢಕ್ಕೆ ಭಟ್ಕಳಕ್ಕೆ ಹೋಗು. ದಡದಲ್ಲಿ ಸುಮ್ನೆ ಕೂತ ಹಿರಿಯರು ಯಾರಾದರೂ ಸಿಗುತ್ತಾರೆ. ಅವರಿಗೆ ಹನ್ನೊಂದನೇ ಅಧ್ಯಾಯ ಓದಿ ಹೇಳು. ಎಲ್ಲಿ ನಗುತ್ತಾರೋ ಅಲ್ಲಿ ಪೆನ್ಸಿಲ್ ಗುರುತು ಹಾಕಿಕೊ. ಅದಕ್ಕೇ ಅದೊಂದನ್ನು ಮಾತ್ರ ವಾಪಸ್ ಕಳಿಸಿದ್ದೇನೆ. ಉಳಿದದ್ದು ನನ್ನ ಹತ್ತಿರವೇ ಇರಲಿ, ಇನ್ನೊಂದು ಸಲ ಓದಬೇಕು. ಹೋಗುವಾಗ ಖಡಕ್ ರೊಟ್ಟಿ ಕಟ್ಟಿಕೊ, ಶೇಂಗಾ ಹಿಂಡಿ ಮರೀಬೇಡ.

ನಿನ್ನ ಕಾಕಾ