ಹಳೇ ಟ್ರ್ಯಾಕ್ಟರ್ ಇರುವವರಿಗೆ, ರಿಂಗ್ ಗೇರ್ ವಿಷಯ

ಎಲ್ಲರಿಗೂ ನಮಸ್ಕಾರ ರೀ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮು ಶುರುವಾಗುವ ಮುಂಚೆ ಇದನ್ನು ಓದಿ. ಕೀ ತಿರುಗಿಸಿದಾಗ ಸ್ಟಾರ್ಟರ್ ಕರ್ ಅಂತ ಸುಮ್ನೆ ತಿರುಗಿ ಇಂಜಿನ್ ಅಲುಗಾಡದಿದ್ದರೆ ಬ್ಯಾಟರಿಯನ್ನು ಬೈಯಬೇಡಿ, ಫ್ಲೈವೀಲಿನ (ಇಂಜಿನ್ ಹಿಂದಿನ ಭಾರದ ಚಕ್ರ) ಸುತ್ತ ಕೂರುವ ಹಲ್ಲಿನ ಬಳೆ, ಅಂದರೆ ರಿಂಗ್ ಗೇರ್, ಅದರ ಹಲ್ಲು ಸವೆದಿರಬಹುದು. ಬಂದ್ ಮಾಡಿದಾಗ ಕಂಪ್ರೆಶನ್ನಿಗೆ (ಸಿಲಿಂಡರಿನಲ್ಲಿ ಒತ್ತಿದ ಗಾಳಿಯ ತಡೆಗೆ) ಸಿಕ್ಕು ಇಂಜಿನ್ ಹೆಚ್ಚುಕಮ್ಮಿ ಅದೇ ಜಾಗಗಳಲ್ಲಿ ನಿಲ್ಲುತ್ತದೆ, 3 ಸಿಲಿಂಡರ್ ಇದ್ದರೆ 3 ಕಡೆ, 4 ಇದ್ದರೆ 2 ಕಡೆ, ಹಾಗಾಗಿ ಸ್ಟಾರ್ಟರಿನ ಪಿನಿಯನ್ (ಚಿಕ್ಕ ಹಲ್ಲುಗಾಲಿ) ಬಂದು ಬಡಿದಾಗ ಅಲ್ಲಿನ ಹಲ್ಲುಗಳೇ ಪೆಟ್ಟು ತಿನ್ನುತ್ತವೆ. ಉಳಿದವು ಹೊಸದರಂತೆ ಇರುತ್ತವೆ, ವಿಚಿತ್ರ ಅಲ್ವಾ?

ಸವೆದ ಹಲ್ಲಿಗೆ ವೆಲ್ಡಿಂಗ್ ತುಂಬಿಸುವುದು ನನಗೆ ಸರಿ ಅನಿಸಲ್ಲ. ರಿಂಗ್ ಬಿಚ್ಚಿ ಸ್ವಲ್ಪ ತಿರುಗಿಸಿ ಕೂರಿಸಿದರೂ ನಡೆಯುತ್ತದೆ, ಜಾಸ್ತಿ ಹಾಳಾಗಿದ್ದರೆ ಹೊಸದೇ ಹಾಕಿ. ಕೂರಿಸಲು ರಿಂಗ್ ಕಾಯಿಸಬೇಕು, ಆದರೆ ಕೆಂಪಾಗುವಷ್ಟು ಬೇಡ, ಹಲ್ಲಿನ ಗಡಸುತನ ಹೋಗುತ್ತದೆ. 200 ಡಿಗ್ರಿ ಆಸುಪಾಸು ಸಾಕು. ಹಲ್ಲಿನ ಅಂಚು ಇಳಿಜಾರಾಗಿ ಕೆತ್ತಿದ ಬದಿ ಪಿನಿಯನ್ ಒಳಗೆ ಬರುವ ಕಡೆಗೇ ಇರಲಿ.

ರಿಂಗ್ ಕೈಗೆ ಸಿಗಲು ಟ್ರ್ಯಾಕ್ಟರ್ ನಡು ಬಿಚ್ಚುವುದೇ (ಇಂಜಿನ್ನನ್ನು ಹಿಂದಿನ ಭಾಗದಿಂದ ಬೇರ್ಪಡಿಸುವುದೇ) ದೊಡ್ಡ ಕೆಲಸ. ಬಿಚ್ಚಿದ ಮೇಲೆ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಹಿಂದಿನ ಆಯಿಲ್ ಸೀಲ್, ಸ್ಟಾರ್ಟರ್ ಪಿನಿಯನ್ ಎಲ್ಲಾ ನೋಡಿಬಿಡಿ. ನಡು ಬಿಚ್ಚುವ ಗಾಲಿ ಸ್ಟ್ಯಾಂಡ್ ಯಾರ ಹತ್ತಿರ ಇದೆ? ಇಲ್ಲೇ ತಿಳಿಸಿ, ನನಗೆ ಎರಡು ದಿನಕ್ಕೆ ಬೇಕು.