ಫೋಟೊ ಕೇಳದವರಿಗೆ ಮೊದಲ ನಮಸ್ಕಾರ

ನಮ್ಮ ಕೌಟುಂಬಿಕ ಸಲಹಾ ಕೇಂದ್ರಕ್ಕೆ ಈ ವರ್ಷ ಎರಡು ಸಂತೋಷದ ಸುದ್ದಿಗಳು ಬೆನ್ನುಬೆನ್ನಿಗೆ ಬಂದವು. ಮುಂದಿನ ಮೂರು ವರ್ಷಗಳ ಸಂಬಳಕ್ಕೆ ಹಣ ಒದಗಿತು. ಅದರ ಹಿಂದೆಯೇ ಪ್ರಶಸ್ತಿಯೂ ಬಂತು. ಪತ್ರಿಕೆಗಳಲ್ಲಿ ಅಚ್ಚಾದದ್ದು ಪ್ರಶಸ್ತಿಯ ಸುದ್ದಿ. ನಮ್ಮ ಕಚೇರಿಯಲ್ಲಿ ಸಂಭ್ರಮ ನಡೆದದ್ದು ಸಂಬಳಕ್ಕಾಗಿ. ಕಾರ್ಯದರ್ಶಿಯೆಂಬ ಕಾರಣಕ್ಕೆ ಕೃತಜ್ಞತೆ ಹೇಳುವ ಹೊಣೆ ನನ್ನ ಪಾಲಿಗೆ ಬಂದಿದೆ. ವೇದಿಕೆಯ ಮೇಲೆ ಎರಡು ನಿಮಿಷ ಕೊಟ್ಟಿದ್ದರು. ಎದುರಿಗೆ ಕುಳಿತ ಗಣ್ಯರನ್ನು ಸಂಬೋಧಿಸುವುದಕ್ಕೇ ಅದು ಸರಿಹೋಯಿತು. ಉಳಿದವರಿಗೆ ಹೇಳಬೇಕಾದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಕಷ್ಟ ಎಲ್ಲಿಂದ ಬಂತು ಎಂಬುದನ್ನು ಮೊದಲು ಹೇಳದಿದ್ದರೆ ನೆರವಾದವರ ದೊಡ್ಡತನ ತಿಳಿಯುವುದಿಲ್ಲ. ವಿದೇಶಿ ದೇಣಿಗೆ ಪಡೆಯುವ ನೋಂದಣಿ ನಮಗಿದ್ದರೂ ಹೊರದೇಶದ ದಾನಿಗಳ ನೇರ ಪರಿಚಯ ಇರಲಿಲ್ಲ. ದೊಡ್ಡ ಸಂಸ್ಥೆಯೊಂದು ತನಗೆ ಬಂದ ಹಣದಲ್ಲಿ ನಮಗೊಂದು ಪಾಲು ಕೊಡುತ್ತಿತ್ತು. 2020ರಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ತಿದ್ದುಪಡಿಯಾದ ಮೇಲೆ, ನೋಂದಣಿ ಇರುವ ಒಂದು ಸಂಸ್ಥೆ ಇನ್ನೊಂದಕ್ಕೆ ಆ ಹಣವನ್ನು ವರ್ಗಾಯಿಸುವಂತಿಲ್ಲ. ಆ ಬಾಗಿಲು ಅಲ್ಲಿಗೆ ಮುಚ್ಚಿತು. ದೇಶದೊಳಗಿನ ಅನುದಾನವೊಂದನ್ನು ನಂಬಿಕೊಂಡು ಕೆಲವು ವರ್ಷ ದೂಡಿದೆವು. ಆಮೇಲೆ ಅದನ್ನು ಕೊಡುತ್ತಿದ್ದವರೂ ತಮ್ಮ ಆದ್ಯತೆ ಬದಲಾಗಿದೆ ಎಂದು ಒಂದು ಪುಟದ ಪತ್ರ ಕಳುಹಿಸಿದರು. ಸೌಜನ್ಯದ ಪತ್ರವೇ, ದೂರುವಂತಿಲ್ಲ.

ಕಂಪನಿಗಳ ಹಣ ಇದೆಯಲ್ಲ ಎಂದು ಬಹಳ ಜನ ಸಲಹೆ ಕೊಟ್ಟರು. ಇದೆ. 2013ರ ಕಂಪನಿ ಕಾಯ್ದೆಯ ಪ್ರಕಾರ, ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಆ ಹಣದಿಂದ ಶಾಲೆಗಳಿಗೆ ಕೊಠಡಿ, ಆಸ್ಪತ್ರೆಗಳಿಗೆ ಯಂತ್ರ ಬಂದಿರುವುದನ್ನು ಕಂಡಿದ್ದೇನೆ, ಸಂತೋಷವೇ. ಆದರೆ ನಮ್ಮ ಕೆಲಸಕ್ಕೆ ಉದ್ಘಾಟನೆ ಮಾಡುವುದು ಹೇಗೆ? ಪತ್ನಿಯೊಂದಿಗೆ ಒಂದು ಸಲ, ಪತಿಯೊಂದಿಗೆ ಬೇರೆಯಾಗಿ ಇನ್ನೊಂದು ಸಲ, ಇಬ್ಬರನ್ನೂ ಕೂರಿಸಿಕೊಂಡು ಮತ್ತೊಂದು ಸಲ, ಆಮೇಲೆ ಅತ್ತೆ ಮಾವ, ತವರಿನವರು, ಮನೆಭೇಟಿ, ತಿಂಗಳುಗಳ ನಂತರ ವಿಚಾರಿಸುವ ಕರೆ: ಇಷ್ಟೂ ಸೇರಿ ನಮ್ಮ ಕಡತದಲ್ಲಿ ಒಂದು ಪ್ರಕರಣ. ಅರ್ಜಿಯ ನಮೂನೆಯಲ್ಲಿ ಫಲಾನುಭವಿಗಳ ಸಂಖ್ಯೆಗೊಂದು ಕಲಂ, ಛಾಯಾಚಿತ್ರಗಳಿಗೊಂದು ಕಲಂ. ಸಂಖ್ಯೆಯನ್ನು ಹೇಗೋ ತುಂಬಬಹುದು. ಕಣ್ಣೀರು ಒರೆಸಿಕೊಳ್ಳುತ್ತಿರುವ ಹೆಣ್ಣುಮಗಳ ಚಿತ್ರವನ್ನು ಯಾರಿಗೂ ಕಳುಹಿಸುವುದಿಲ್ಲ ಎಂಬುದು ಈ ಕೇಂದ್ರ ಹುಟ್ಟಿದಂದಿನಿಂದ ಇರುವ ನಿಯಮ. ಮುಖವನ್ನು ಮಸುಕುಗೊಳಿಸಿ ಕೊಡಿ ಎಂದವರೂ ಇದ್ದರು. ಮುಖ ಮಸುಕಾದರೂ ಸೀರೆಯ ಗುರುತು ನೆರೆಮನೆಯವರಿಗೆ ಸಿಗುತ್ತದೆ.

ಆದ್ದರಿಂದ ಮೊದಲ ನಮಸ್ಕಾರ ಫೋಟೊ ಕೇಳದವರಿಗೆ. ತಿಂಗಳು ತಿಂಗಳೂ ಸಣ್ಣ ಮೊತ್ತವನ್ನು ಖಾತೆಗೆ ಹಾಕಿ, ಅದು ಯಾವ ಬಾಬ್ತಿಗೆ ಹೋಯಿತೆಂದು ಸಹ ವಿಚಾರಿಸದ ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು, ಅಂಗಡಿ ನಡೆಸುವವರು ನಮ್ಮ ಪಟ್ಟಿಯಲ್ಲಿದ್ದಾರೆ. ಆ ಹಣಕ್ಕೆ ಷರತ್ತಿರಲಿಲ್ಲ. ಯೋಜನೆಯ ಹಣ ಬಂದಾಗ ಅದನ್ನು ಯೋಜನೆಗೇ ಬಳಸಬೇಕು. ಬಾಡಿಗೆ, ವಿದ್ಯುತ್ ಬಿಲ್, ಲೆಕ್ಕಪರಿಶೋಧಕರ ಶುಲ್ಕ, ಬೀಗ ಹಾಕುವ ಕಪಾಟಿನ ದುರಸ್ತಿ ಇವೆಲ್ಲ ಯಾರ ಯೋಜನೆಯಲ್ಲೂ ಬರುವುದಿಲ್ಲ. ಬಾಗಿಲು ತೆರೆದಿದ್ದರೆ ತಾನೇ ಯೋಜನೆ ನಡೆಯುವುದು! ಅನುದಾನ ನಿಂತ ಕಾಲದಲ್ಲಿ ಬಾಗಿಲನ್ನು ತೆರೆದಿಟ್ಟದ್ದು ಈ ಷರತ್ತಿಲ್ಲದ ಹಣ. ಹಿಂದೆ ಇಲ್ಲಿಗೆ ನೆರವು ಕೇಳಿ ಬಂದಿದ್ದ ಕೆಲವರೂ ಈ ದಾನಿಗಳಲ್ಲಿ ಇದ್ದಾರೆ. ಅವರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವಂತಿಲ್ಲ.

ಈಗ ನಮ್ಮ ಆಪ್ತಸಮಾಲೋಚಕಿಯರಿಗೆ. ಸಂಬಳ ತಡವಾದರೂ ನಗುನಗುತ್ತಾ ದುಡಿದರು ಎಂದು ಬರೆಯುವುದು ವಾಡಿಕೆ. ಅವರು ನಗಲಿಲ್ಲ. ಸಂಬಳ ಯಾವಾಗ ಎಂದು ಕೇಳಿದರು, ಕೇಳಬೇಕಾದದ್ದೇ. ಮನೆಬಾಡಿಗೆ, ಮಕ್ಕಳ ಶುಲ್ಕ ಅವರಿಗೂ ಇದೆ. ಬೇರೆಯವರ ಮನೆಯ ಜೀವನಾಂಶದ ಲೆಕ್ಕವನ್ನು ಬಿಡಿಸುವವರು ತಮ್ಮ ಮನೆಯ ಲೆಕ್ಕವನ್ನು ತ್ಯಾಗದ ಹೆಸರಿನಲ್ಲಿ ಮರೆಯಬೇಕು ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಅಷ್ಟಾದರೂ ಅರ್ಧಕ್ಕೆ ನಿಂತಿದ್ದ ಒಂದೇ ಒಂದು ಪ್ರಕರಣವನ್ನೂ ಅವರು ಕೈಬಿಡಲಿಲ್ಲ. ನಡುವೆ ಒಬ್ಬರು ಶಾಲೆಯೊಂದರಲ್ಲಿ ಕೆಲಸ ಸಿಕ್ಕಿ ಹೊರಟರು. ತಮ್ಮ ಕಡತಗಳನ್ನೆಲ್ಲ ಒಂದೊಂದಾಗಿ ವಿವರಿಸಿ, ಬರುತ್ತಿದ್ದ ಮಹಿಳೆಯರಿಗೆ ಹೊಸ ಸಮಾಲೋಚಕಿಯನ್ನು ತಾವೇ ಪರಿಚಯ ಮಾಡಿಸಿ ಹೋದರು. ಪ್ರಶಸ್ತಿಯಲ್ಲಿ ಅವರ ಪಾಲೂ ಇದೆ, ಬಿಟ್ಟುಹೋದವರು ಎಂದು ಯಾರೂ ಅನ್ನಬೇಡಿ.

ನಾಯಕತ್ವದ ವಿಷಯಕ್ಕೆ ಬಂದರೆ ನಮ್ಮ ಸ್ಥಾಪಕ ಅಧ್ಯಕ್ಷೆಯ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು. ಅವರಿಗೆ ಇಷ್ಟವಾಗುವುದಿಲ್ಲ, ಗೊತ್ತಿದೆ. ಮನೆಯ ಜಗಳ ಬೀದಿಗೆ ಬರಬಾರದು ಎಂಬ ಮಾತೇ ನ್ಯಾಯವಾಗಿದ್ದ ಕಾಲದಲ್ಲಿ ಕೆಲಸ ಕಲಿತವರು ಅವರು. ಕುಟುಂಬ ನ್ಯಾಯಾಲಯಗಳ ಕಾಯ್ದೆ ಬಂದದ್ದು 1984ರಲ್ಲಿ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದು, ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ಆ ಕಾಯ್ದೆಯಡಿ ನಮ್ಮಂತಹ ಸಂಸ್ಥೆಗಳು ಸೇವಾ ಪೂರೈಕೆದಾರರೆಂದು ನೋಂದಾಯಿಸಿಕೊಂಡು, ಸಂತ್ರಸ್ತೆ ಬಯಸಿದರೆ ಘಟನೆಯ ವರದಿಯನ್ನು ದಾಖಲಿಸಿ ಮ್ಯಾಜಿಸ್ಟ್ರೇಟರಿಗೂ ಸಂರಕ್ಷಣಾಧಿಕಾರಿಗೂ ಕಳುಹಿಸಬಹುದು. ಕಾಯ್ದೆಯ ಪ್ರತಿಯೊಂದು ಕಲಮನ್ನೂ ಸಿಬ್ಬಂದಿಗೆ ಕನ್ನಡದಲ್ಲಿ ಬಿಡಿಸಿ ಹೇಳಿಕೊಟ್ಟವರು ಅವರೇ.

ಹಣ ಖಾಲಿಯಾಗುತ್ತಿದ್ದಾಗ ಎಲ್ಲರೂ ಅವರತ್ತ ನೋಡಿದೆವು. ಈ ಬಿಕ್ಕಟ್ಟು ಮುಗಿಯುವವರೆಗೆ ನೀವೇ ಇರಿ ಎಂದು ಕಾರ್ಯಕಾರಿ ಸಮಿತಿ ಬೇಡಿಕೊಂಡಿತು. ಬಿಕ್ಕಟ್ಟು ಮುಗಿದ ಮೇಲೆ ಬರುವವರು ಏನನ್ನು ಕಲಿಯುತ್ತಾರೆ ಎಂದು ಕೇಳಿದರು. ಹಿರಿಯ ಸಮಾಲೋಚಕಿಯೊಬ್ಬರನ್ನು ನಿರ್ದೇಶಕಿಯಾಗಿ ನೇಮಿಸಲು ಒಪ್ಪಿಸಿ, ಚೆಕ್ಕಿಗೆ ಸಹಿ ಮಾಡುವ ಅಧಿಕಾರವನ್ನು ಬ್ಯಾಂಕಿನಲ್ಲಿ ಬದಲಾಯಿಸಿಕೊಟ್ಟು, ಗೌರವಾಧ್ಯಕ್ಷೆ ಎಂಬ ಪದವಿಯನ್ನೂ ಬೇಡವೆಂದು ಹೊರಟರು. ಆಮೇಲೆ ಒಂದು ಸಭೆಗೂ ಕರೆಯದೆ ಬರಲಿಲ್ಲ. ಕರೆದಾಗ ಬಂದರು, ಕೇಳಿದ್ದಕ್ಕೆ ಮಾತ್ರ ಉತ್ತರಿಸಿದರು. ಸಂಸ್ಥೆ ಕಟ್ಟಿದವರು ಅದನ್ನು ಬಿಟ್ಟುಕೊಡುವುದು ಅಪರೂಪ. ಬಿಟ್ಟುಕೊಟ್ಟ ಮೇಲೆ ಹಿಂದಿನಿಂದ ನಡೆಸದೇ ಇರುವುದು ಇನ್ನೂ ಅಪರೂಪ.

ಹೊಸ ನಿರ್ದೇಶಕಿ ಮಾಡಿದ ಮೊದಲ ಕೆಲಸವೆಂದರೆ ಖಾತೆಯಲ್ಲಿ ಉಳಿದ ಹಣವನ್ನು ತಿಂಗಳ ಮೊದಲ ವಾರ ಎಲ್ಲರಿಗೂ ತಿಳಿಸುವ ಪದ್ಧತಿ. ಎಲ್ಲರಿಗೂ ಎಂದರೆ ಕಚೇರಿ ಸಹಾಯಕಿಯವರನ್ನೂ ಸೇರಿಸಿ. ಎಷ್ಟು ದಿನ ನಡೆಯುತ್ತದೆ ಎಂಬುದು ಗೊತ್ತಾದ ಮೇಲೆ ಪಿಸುಮಾತು ನಿಂತಿತು. ಎರಡನೆಯ ಕೆಲಸ ಕಹಿಯಾದದ್ದು: ಸಂಜೆಯ ಶಾಖೆಯನ್ನೂ ಯುವಜನರ ತರಬೇತಿಯನ್ನೂ ನಿಲ್ಲಿಸಿ, ಸಮಾಲೋಚನೆ ಮತ್ತು ಕಾನೂನು ನೆರವನ್ನು ಮಾತ್ರ ಉಳಿಸಿಕೊಳ್ಳುವ ತೀರ್ಮಾನ. ಸಮಿತಿಯಲ್ಲಿ ಇದನ್ನು ವಿರೋಧಿಸಿ ಮತ ಹಾಕಿದ ಇಬ್ಬರು ಸದಸ್ಯರಿಗೂ ವಂದನೆ. ಸೋತ ಮೇಲೆ ಹೊರಗೆ ಒಂದು ಮಾತನ್ನೂ ಆಡದೆ, ಶಾಖೆಗೆ ಬರುತ್ತಿದ್ದವರನ್ನು ಮುಖ್ಯ ಕೇಂದ್ರಕ್ಕೆ ಕರೆತರುವ ಕೆಲಸದಲ್ಲಿ ಮುಂದೆ ನಿಂತವರು ಅವರೇ.

ಕಾನೂನು ಸೇವಾ ಪ್ರಾಧಿಕಾರದ ವಕೀಲರನ್ನು ನೆನೆಯದೆ ಮುಂದೆ ಹೋಗಲಾರೆ. 1987ರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಹಕ್ಕು. ಅದು ಕಾಗದದ ಮೇಲೆ ಇರುವುದಕ್ಕೂ, ಮಗುವನ್ನು ಎತ್ತಿಕೊಂಡು ನ್ಯಾಯಾಲಯದ ಕಾರಿಡಾರಿನಲ್ಲಿ ನಿಂತವಳಿಗೆ ಅದು ಸಿಗುವುದಕ್ಕೂ ನಡುವೆ ಬೇಕಾದದ್ದು ಫೋನ್ ಎತ್ತುವ ಒಬ್ಬ ವಕೀಲರು. ನಮಗೆ ಅಂಥವರು ಒಬ್ಬರಿಗಿಂತ ಹೆಚ್ಚು ಸಿಕ್ಕಿದ್ದಾರೆ.

ಇನ್ನು ಪ್ರಶಸ್ತಿ. ಆಯ್ಕೆ ಸಮಿತಿಗೆ ನಮ್ಮ ಧನ್ಯವಾದ ಎರಡು ಪಟ್ಟು. ಕಾರಣ ಇದು: ಬಿನ್ನವತ್ತಳೆಯ ಕರಡಿನಲ್ಲಿ ನಾವು ‘ಮುರಿದ ಸಂಸಾರಗಳನ್ನು ಒಂದುಗೂಡಿಸಿದವರು’ ಎಂದಿತ್ತು. ಓದಿದ ಸಮಾಲೋಚಕಿಯರು ಮುಖ ಮುಖ ನೋಡಿಕೊಂಡರು. ಒಂದುಗೂಡಿದ ಮನೆಗಳೂ ಇವೆ, ಒಪ್ಪಂದ ಮಾಡಿಕೊಂಡು ಗೌರವದಿಂದ ಬೇರೆಯಾದವರೂ ಇದ್ದಾರೆ. ಹೊಡೆತ ತಿನ್ನುತ್ತಿದ್ದವಳು ಆ ಮನೆಯಿಂದ ಹೊರಬಂದು ರಕ್ಷಣಾ ಆದೇಶ ಪಡೆದ ಪ್ರಕರಣವನ್ನು ನಾವು ಸೋಲಿನ ಪಟ್ಟಿಗೆ ಸೇರಿಸುವುದಿಲ್ಲ. ಸಂಕೋಚದಿಂದಲೇ ಪತ್ರ ಬರೆದೆವು. ಬಹುಮಾನ ಕೊಡುವವರ ಮಾತನ್ನು ತಿದ್ದುವುದು ಸಲೀಸಾದ ಕೆಲಸವಲ್ಲ. ಆಯ್ಕೆ ಸಮಿತಿಯವರು ಬೇಸರಿಸಿಕೊಳ್ಳದೆ ಸಾಲನ್ನು ಬದಲಾಯಿಸಿದರು. ಜೊತೆಗೆ, ಸಂಸ್ಥೆಯ ಮುಖ್ಯಸ್ಥರೊಬ್ಬರೇ ಬರಲಿ ಎಂದಿದ್ದವರು ಸಮಾಲೋಚಕಿಯರನ್ನೂ ವೇದಿಕೆಗೆ ಕರೆದರು. ಅಂದು ತೆಗೆದ ಫೋಟೊ ಮಾತ್ರ ಕಚೇರಿಯ ಗೋಡೆಯ ಮೇಲಿದೆ. ಅದರಲ್ಲಿ ಇರುವವರೆಲ್ಲ ಒಪ್ಪಿಯೇ ನಿಂತವರು.

ಮೂರು ವರ್ಷಗಳ ನೆರವು ಕೊಟ್ಟ ದಾನಿ ಸಂಸ್ಥೆ ತನ್ನ ಹೆಸರನ್ನು ಎಲ್ಲಿಯೂ ಹಾಕಬೇಡಿ ಎಂದಿದೆ. ಒಪ್ಪಂದಕ್ಕೆ ಮುನ್ನ ಅವರ ಪ್ರತಿನಿಧಿ ಬಂದು, ಫಲಾನುಭವಿಗಳನ್ನು ತೋರಿಸಿ ಎನ್ನದೆ, ನಿಮ್ಮ ಸಿಬ್ಬಂದಿ ಏಕೆ ಬಿಟ್ಟುಹೋಗುತ್ತಾರೆ ಎಂದು ಕೇಳಿದರು. ಅಂತಹ ಪ್ರಶ್ನೆಯನ್ನು ದಾನಿಯೊಬ್ಬರ ಬಾಯಲ್ಲಿ ನಾವು ಕೇಳಿದ್ದು ಅದೇ ಮೊದಲು.

ಕೊನೆಗೆ ಲೆಕ್ಕದ ಒಂದೆರಡು ಮಾತು. ಪ್ರಶಸ್ತಿಯ ಹಣವನ್ನು ಸಂಬಳದ ಆಪದ್ಧನವಾಗಿ ಬೇರೆ ಠೇವಣಿಯಲ್ಲಿ ಇಡುವ ನಿರ್ಣಯ ಸರ್ವಸದಸ್ಯರ ಸಭೆಯ ಮುಂದೆ ಬರಲಿದೆ. ದೇಣಿಗೆ ಕೊಟ್ಟು ಪ್ಯಾನ್ ಸಂಖ್ಯೆ ತಿಳಿಸದವರು ದಯವಿಟ್ಟು ತಿಳಿಸಿ. ತೆರಿಗೆ ವಿನಾಯಿತಿಯ ಪ್ರಮಾಣಪತ್ರಕ್ಕಾಗಿ ಅದನ್ನು ಕೇಳುತ್ತಿದ್ದೇವೆ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ವಿನಾಯಿತಿ ಸಿಗದು ಎಂಬುದೂ ನೆನಪಿರಲಿ. ಸಭೆಯ ನೋಟಿಸಿನೊಂದಿಗೆ ಲೆಕ್ಕಪತ್ರದ ಪ್ರತಿಯನ್ನು ಎಲ್ಲ ಸದಸ್ಯರಿಗೂ ಅಂಚೆಯಲ್ಲಿ ಕಳುಹಿಸಿದ್ದೇವೆ. ಓದಿಕೊಂಡು ಬನ್ನಿ. ಸಂಬಳದ ಬಾಬ್ತು ಏಕೆ ಏರಿದೆ ಎಂದು ಯಾರಾದರೂ ಕೇಳಲಿ ಎಂದು ನಮ್ಮ ಖಜಾಂಚಿಯವರು ಉತ್ತರವನ್ನು ಸಿದ್ಧಪಡಿಸಿಕೊಂಡು ಕುಳಿತಿದ್ದಾರೆ.