ನಿಕೋಡಿಮಸ್‌ನ ರೈತರ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರಿಯ ಶಂಕರ,

ಗುಲಾಮಗಿರಿ ರದ್ದಾದ ಮೇಲೂ ಅಮೆರಿಕದ ಕಪ್ಪು ಜನರು ದಕ್ಷಿಣದ ಹತ್ತಿ ಹೊಲಗಳಲ್ಲಿ ಕೋರು ಪಾಲಿಗೆ ದುಡಿಯುತ್ತಲೇ ಉಳಿದರು, ಸ್ವಂತ ಜಮೀನು ಕಂಡವರೇ ಇಲ್ಲವೆಂದು ನೀನು ಬರೆದಿದ್ದೆ. ಬಹುಪಾಲು ಜನರ ಮಟ್ಟಿಗೆ ಅದು ನಿಜ. ಆದರೆ ದಕ್ಷಿಣವನ್ನು ತೊರೆದು ಪಶ್ಚಿಮದ ಬಯಲಿಗೆ ಹೋಗಿ ತಮ್ಮ ಹೆಸರಿಗೇ ಹೊಲ ಮಾಡಿಕೊಂಡವರೂ ಇದ್ದರು. ಅಂಥವರು ಕಟ್ಟಿದ ಊರುಗಳಲ್ಲಿ ಕ್ಯಾನ್ಸಸ್ ರಾಜ್ಯದ ನಿಕೋಡಿಮಸ್ ಇಂದಿಗೂ ಉಳಿದಿದೆ.

1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ, ಅಲ್ಪ ಶುಲ್ಕ ಕಟ್ಟಿ ಐದು ವರ್ಷ ನೆಲೆಸಿ ಉತ್ತು ಬಿತ್ತಿದವರಿಗೆ 160 ಎಕರೆ ಸಿಗುತ್ತಿತ್ತು. ಅಲ್ಲಿ ಮೊದಲಿನಿಂದ ಬದುಕಿದ್ದ ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿಯೇ ಸರ್ಕಾರ ಆ ನೆಲವನ್ನು ಹಂಚಿತೆಂಬುದನ್ನೂ ಮರೆಯುವಂತಿಲ್ಲ. 1877ರಲ್ಲಿ ಡಬ್ಲ್ಯು. ಆರ್. ಹಿಲ್ ಎಂಬ ಬಿಳಿಯ ಭೂವ್ಯಾಪಾರಿಯೂ ಡಬ್ಲ್ಯು. ಎಚ್. ಸ್ಮಿತ್ ಎಂಬ ಕಪ್ಪು ಪಾದ್ರಿಯೂ ಸೇರಿ ಸಾಲೊಮನ್ ನದಿಯ ಬಳಿ ಊರಿನ ನಕ್ಷೆ ಹಾಕಿ, ಕೆಂಟಕಿಯ ಕಪ್ಪು ಕುಟುಂಬಗಳನ್ನು ಕರೆದರು. ಕರಪತ್ರಗಳು ಬಣ್ಣಿಸಿದ್ದ ಸಮೃದ್ಧಿಯನ್ನು ನಂಬಿ ಬಂದವರು ಕಂಡದ್ದು ಮರವಿಲ್ಲದ ಬಯಲನ್ನು.

1878ರ ವಸಂತದಲ್ಲಿ ಬಂದ ವಿಲಿಯಾನಾ ಹಿಕ್‌ಮನ್ ಎಂಬ ಹೆಂಗಸಿನ ನೆನಪು ನನ್ನನ್ನು ಬಹುವಾಗಿ ತಟ್ಟಿತು. ಎಲ್ಲಿಸ್ ಎಂಬ ರೈಲು ನಿಲ್ದಾಣದಿಂದ ಬಂಡಿಯಲ್ಲಿ ಸಾಗಿ ಬಂದಾಗ, ಜೊತೆಯವರು ಊರು ಬಂತೆಂದು ತೋರಿಸಿದ ಕಡೆ ಆಕೆಗೆ ಒಂದು ಮನೆಯೂ ಕಾಣಲಿಲ್ಲ. ನೆಲದೊಳಗಿನಿಂದ ಹೊಗೆ ಏಳುತ್ತಿತ್ತು. ಗುಡ್ಡದ ಇಳಿಜಾರನ್ನು ಅಗೆದು ಮಾಡಿದ ಮಣ್ಣಿನ ಗೂಡುಗಳೊಳಗೆ ಜನ ಬಾಳುತ್ತಿದ್ದರು. ಆಕೆ ಅತ್ತುಬಿಟ್ಟಳು. ಎತ್ತು ಕುದುರೆ ಉಳ್ಳವರು ಬೆರಳೆಣಿಕೆಯಷ್ಟು ಮಂದಿ. ಶತಮಾನಗಳ ಹುಲ್ಲಿನ ಬೇರು ಹೆಣೆದುಕೊಂಡಿದ್ದ ಆ ಗಟ್ಟಿ ನೆಲವನ್ನು ಹಲವರು ಗುದ್ದಲಿಯಿಂದಲೇ ಅಗೆಯಬೇಕಾಯಿತು. ಕಾಯ್ದೆ ನೆಲವನ್ನು ಕೊಟ್ಟಿತೇ ಹೊರತು ನೇಗಿಲು, ಬೀಜ ಮತ್ತು ಮೊದಲ ಫಸಲಿನವರೆಗಿನ ಕೂಳನ್ನು ಕೊಡಲಿಲ್ಲ. ಮೊದಲ ಚಳಿಗಾಲದಲ್ಲಿ ಬೇಟೆ ಮುಗಿಸಿ ಹಿಂದಿರುಗುತ್ತಿದ್ದ ಓಸೇಜ್ ಎಂಬ ಮೂಲನಿವಾಸಿ ಜನರು ತಮ್ಮ ಪಾಲಿನ ಮಾಂಸವನ್ನು ಹಂಚಿಕೊಂಡರೆಂದು ಊರಿನವರು ಇಂದಿಗೂ ಹೇಳುತ್ತಾರೆ.

ಹತ್ತು ವರ್ಷಗಳಲ್ಲಿ ಶಾಲೆ, ಚರ್ಚು, ಹೋಟೆಲು, ಅಂಗಡಿ, ಪತ್ರಿಕೆಗಳು ತಲೆಯೆತ್ತಿದವು. ಅಲ್ಲಿ ನೆಲೆಸಿದ್ದ ಎಡ್ವರ್ಡ್ ಮೆಕೇಬ್ 1882ರಲ್ಲಿ ಇಡೀ ರಾಜ್ಯದ ಲೆಕ್ಕಪರಿಶೋಧಕನಾಗಿ ಚುನಾಯಿತನಾದ. ಇಂಥ ಊರಿಗೆ ಏಟು ಕೊಟ್ಟದ್ದು ಬರಗಾಲಕ್ಕಿಂತ ಮೊದಲು ರೈಲು ಎಂಬುದು ನನ್ನ ಅಭಿಪ್ರಾಯ. ಹಳಿ ತಮ್ಮೂರಿಗೆ ಬರಲೆಂದು ಜನ ಬಾಂಡುಗಳ ಮೂಲಕ ಹಣ ಕೊಡಲೂ ಒಪ್ಪಿದ್ದರು. ಆದರೂ 1888ರಲ್ಲಿ ಯೂನಿಯನ್ ಪೆಸಿಫಿಕ್ ಕಂಪನಿಯ ಹಳಿ ನದಿಯ ಆಚೆ ದಡದಲ್ಲಿ, ಕೆಲವು ಮೈಲು ದೂರದಲ್ಲಿ ಹಾದುಹೋಯಿತು. ಅಂಗಡಿಕಾರರು ರೈಲಿನ ಬಳಿಗೆ ಹೋದರು. ಹೊಲ ಮಾಡಿದವರು ಹೋಗಲಿಲ್ಲ, ಹೋಗುವುದಾದರೂ ಎಲ್ಲಿಗೆ? 1930ರ ದಶಕದ ಧೂಳಿನ ಬಿರುಗಾಳಿ ಮತ್ತು ಆರ್ಥಿಕ ಕುಸಿತ ಅವರಲ್ಲೂ ಅನೇಕರನ್ನು ನಗರಗಳಿಗೆ ಅಟ್ಟಿದವು. 1953ರಲ್ಲಿ ಅಂಚೆ ಕಚೇರಿಯೂ ಮುಚ್ಚಿತು.

ಈಗ ಅಲ್ಲಿ ಕಾಯಂ ಇರುವವರು ಕೆಲವೇ ಮಂದಿ. ಆದರೂ ಜುಲೈ ಕೊನೆಯ ವಾರದಲ್ಲಿ ನಡೆಯುವ ಗುಲಾಮಗಿರಿಯಿಂದ ಬಿಡುಗಡೆಯ ಹಬ್ಬಕ್ಕೆ ದೇಶದ ಮೂಲೆಮೂಲೆಯಿಂದ ವಂಶಸ್ಥರು ಬರುತ್ತಾರೆ. ಇದೇ ಊರಿನ ರೈತರ ಮನೆಯಲ್ಲಿ 1932ರಲ್ಲಿ ಹುಟ್ಟಿದ ವೆರಿಲ್ ಸ್ವಿಟ್ಜರ್ ಗ್ರೀನ್ ಬೇ ಪ್ಯಾಕರ್ಸ್ ತಂಡದ ಅಮೆರಿಕನ್ ಫುಟ್‌ಬಾಲ್ ಆಟಗಾರನಾದ, ಮುಂದೆ ಇಲ್ಲಿನ ಜಮೀನನ್ನು ಬಿಡದೆ ಉಳಿಸಿಕೊಂಡ. 1996ರಲ್ಲಿ ಸರ್ಕಾರ ಊರನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಿತು. ಒಳ್ಳೆಯದೇ, ಆದರೆ ಘೋಷಣೆಯಿಂದ ಬಿತ್ತನೆಗೆ ಸಾಲ ಸಿಗುವುದಿಲ್ಲ. ಕೃಷಿ ಇಲಾಖೆ ಸಾಲ ಕೊಡುವಾಗ ಕಪ್ಪು ರೈತರಿಗೆ ತಾರತಮ್ಯ ಮಾಡಿತೆಂಬ ಪಿಗ್‌ಫೋರ್ಡ್ ಮೊಕದ್ದಮೆ 1999ರಲ್ಲಿ ರಾಜಿಯಲ್ಲಿ ಮುಗಿದದ್ದು ನಿನಗೂ ಗೊತ್ತಿರಬಹುದು.

ಮೆಕೇಬ್ ಆಮೇಲೆ ಓಕ್ಲಹೋಮಾಕ್ಕೆ ಹೋಗಿ ಲ್ಯಾಂಗ್‌ಸ್ಟನ್ ಎಂಬ ಮತ್ತೊಂದು ಕಪ್ಪು ಜನರ ಊರು ಕಟ್ಟಿದ. ಅದರ ಕತೆ ದೊಡ್ಡದು, ಮುಂದಿನ ಪತ್ರದಲ್ಲಿ ಬರೆಯುತ್ತೇನೆ. ಮನೆಯಲ್ಲಿ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ,
ಮಂಜುನಾಥ